ಪೇಟೆಯ ರಸ್ತೆ: ಅಂದಾಜು ಪಟ್ಟಿಯಿಂದ ಅಳತೆ ಪುಸ್ತಕದವರೆಗೆ

ಪೇಟೆಯ ರಸ್ತೆಯನ್ನು ಅಗೆಯಲು ಜೆಸಿಬಿ ಯಂತ್ರ ಬಂದು ನಿಂತ ದಿನ ನಮ್ಮ ವರ್ತಕ ಬಾಂಧವರು ಒಟ್ಟುಗೂಡುತ್ತಾರೆ. ಮನವಿಪತ್ರ ಸಿದ್ಧವಾಗುತ್ತದೆ, ಪೌರಾಯುಕ್ತರ ಭೇಟಿಯಾಗುತ್ತದೆ, ಒಂದೆರಡು ದಿನ ಕೆಲಸ ನಿಲ್ಲುತ್ತದೆ. ಬಳಿಕ ಅದೇ ಕೆಲಸ ಅದೇ ರೀತಿಯಲ್ಲಿ ಮುಂದುವರಿಯುತ್ತದೆ. ಇದಕ್ಕೆ ಅಧಿಕಾರಿಗಳ ಹಟಮಾರಿತನವೊಂದೇ ಕಾರಣವಲ್ಲ. ರಸ್ತೆಯ ಅಗಲ ಎಷ್ಟು, ದಪ್ಪ ಎಷ್ಟು, ಡಾಂಬರೋ ಕಾಂಕ್ರೀಟೋ, ಚರಂಡಿ ಯಾವ ಬದಿಗೆ ಎಂಬುದೆಲ್ಲ ಯಂತ್ರ ಬರುವ ಎಷ್ಟೋ ತಿಂಗಳುಗಳ ಮೊದಲೇ ಕಾಗದದ ಮೇಲೆ ನಿರ್ಧಾರವಾಗಿರುತ್ತದೆ. ಕರಾರಿಗೆ ಸಹಿ ಬಿದ್ದ ನಂತರ ಅದನ್ನು ಬದಲಿಸುವುದು ಅಧಿಕಾರಿಗೆ ಸುಲಭವಲ್ಲ, ಗುತ್ತಿಗೆದಾರನಿಗೆ ಇಷ್ಟವೂ ಅಲ್ಲ.

ಆದ್ದರಿಂದ ಆ ಕಾಗದವು ಸಾಗಿಬರುವ ಹಾದಿಯನ್ನು, ಅದರೊಡನೆ ಹಣ ಬರುವ ಹಾದಿಯನ್ನೂ ಸದಸ್ಯರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಕರ್ನಾಟಕದ ನಗರಸಭೆಗಳು ಹಾಗೂ ಸಣ್ಣ ಮಹಾನಗರ ಪಾಲಿಕೆಗಳ ವ್ಯವಸ್ಥೆಯನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ರಸ್ತೆಯ ವೆಚ್ಚವನ್ನು ಬಳಕೆದಾರರಿಂದ ವಸೂಲು ಮಾಡಲು ಹೊರಟ ನೆರೆಯ ಕೊಲ್ಹಾಪುರದ ಅನುಭವವನ್ನೂ ನಡುವೆ ಪರಿಶೀಲಿಸಲಾಗಿದೆ.

ರಸ್ತೆ ಯಾರದು?

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅದರಿಂದ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿದ್ದು, ರಸ್ತೆ ಮತ್ತು ಸೇತುವೆಗಳು ಅವುಗಳಲ್ಲಿ ಸೇರಿವೆ. ಹಾಗೆಂದು ಊರಿನೊಳಗಿನ ಎಲ್ಲ ರಸ್ತೆಗಳೂ ನಗರಸಭೆಗೆ ಸೇರಿದವಲ್ಲ. ಊರನ್ನು ಸೀಳಿಕೊಂಡು ಹೋಗುವ ಮುಖ್ಯರಸ್ತೆ ಅನೇಕ ಕಡೆ ರಾಜ್ಯ ಹೆದ್ದಾರಿಯಾಗಿ ಲೋಕೋಪಯೋಗಿ ಇಲಾಖೆಯ ವಶದಲ್ಲಿರುತ್ತದೆ, ಇಲ್ಲವೇ ರಾಷ್ಟ್ರೀಯ ಹೆದ್ದಾರಿಯಾಗಿರುತ್ತದೆ. ಹೊಸ ಬಡಾವಣೆಗಳ ರಸ್ತೆಗಳು ನಗರಾಭಿವೃದ್ಧಿ ಪ್ರಾಧಿಕಾರದಿಂದ ಹಸ್ತಾಂತರವಾಗುವವರೆಗೆ ಪ್ರಾಧಿಕಾರದವೇ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ಈ ಪ್ರಶ್ನೆ ಇನ್ನೂ ಹೆಚ್ಚು ತಟ್ಟುತ್ತದೆ. ಕೈಗಾರಿಕಾ ಪ್ರದೇಶದ ರಸ್ತೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನಿರ್ಮಿಸಿರುತ್ತದೆ. ಆಸ್ತಿ ತೆರಿಗೆಯನ್ನು ಸ್ಥಳೀಯ ಸಂಸ್ಥೆ ಕೇಳುತ್ತದೆ. ಹೊಂಡ ಬಿದ್ದಾಗ ಇಬ್ಬರೂ ಮತ್ತೊಬ್ಬರತ್ತ ಬೆರಳು ತೋರಿಸುತ್ತಾರೆ. ಹಸ್ತಾಂತರದ ಪತ್ರ ಆಗಿದೆಯೇ ಇಲ್ಲವೇ ಎಂಬುದನ್ನು ಮೊದಲು ಲಿಖಿತವಾಗಿ ತಿಳಿದುಕೊಳ್ಳದೆ ಬರೆದ ಯಾವ ಮನವಿಗೂ ಉತ್ತರ ಬರುವುದಿಲ್ಲ.

ಹಣ ಬರುವ ದಾರಿಗಳು

ಒಂದು ಕಾಲದಲ್ಲಿ ಊರಿನ ರಸ್ತೆಗೂ ಊರಿನ ವ್ಯಾಪಾರಕ್ಕೂ ನೇರ ಸಂಬಂಧವಿತ್ತು. ಅದರ ಹೆಸರು ಆಕ್ಟ್ರಾಯ್. ಊರಿಗೆ ಬರುವ ಸರಕಿನ ಮೇಲೆ ನಾಕೆಯಲ್ಲಿ ವಸೂಲಾಗುತ್ತಿದ್ದ ಈ ಸುಂಕ ನಗರಸಭೆಯ ಸ್ವಂತ ಆದಾಯವಾಗಿತ್ತು. ನಾಕೆಯ ಕಿರುಕುಳವನ್ನು ವಿರೋಧಿಸಿ ವರ್ತಕರು ಹೋರಾಡಿದ್ದು ನ್ಯಾಯವೇ ಆಗಿತ್ತು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಗಿ, ಅದರ ಜಾಗದಲ್ಲಿ ಪ್ರವೇಶ ತೆರಿಗೆ ಬಂದಿತು. ಅದನ್ನು ವಸೂಲು ಮಾಡಿದ್ದು ರಾಜ್ಯ ಸರ್ಕಾರ. 2017ರ ಜುಲೈ 1ರಂದು ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಲೀನವಾಯಿತು. ರಸ್ತೆಯನ್ನು ಸವೆಸುವ ವಾಹನಗಳ ಮೇಲಿನ ತೆರಿಗೆಯೂ ರಾಜ್ಯಕ್ಕೇ ಸಲ್ಲುತ್ತದೆ. ಹೀಗೆ ಊರಿನ ವ್ಯಾಪಾರ ಎಷ್ಟೇ ಬೆಳೆದರೂ ನಗರಸಭೆಯ ಬೊಕ್ಕಸ ತಾನಾಗಿ ಬೆಳೆಯದ ಸ್ಥಿತಿ ಉಂಟಾಗಿದೆ.

ಈಗ ನಗರಸಭೆಯ ಸ್ವಂತ ಸಂಪನ್ಮೂಲವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಅದರ ಜೊತೆಗೆ ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಿಗೆ ಶುಲ್ಕ, ಕಟ್ಟಡ ಪರವಾನಿಗೆ ಮತ್ತು ಅಭಿವೃದ್ಧಿ ಶುಲ್ಕಗಳಿವೆ. ಉಳಿದದ್ದು ಅನುದಾನ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಹಣದಲ್ಲಿ ವೇತನ ಮತ್ತು ವಿದ್ಯುತ್ ಬಿಲ್ಲಿನ ಬಾಬ್ತು ಮೊದಲೇ ಗೊತ್ತುಪಡಿಸಿದ್ದು. ರಸ್ತೆಗೆ ದೊರೆಯಬಹುದಾದದ್ದು ಮುಕ್ತನಿಧಿ ಎಂದು ಕರೆಯುವ ಪಾಲು ಮಾತ್ರ. ಆ ಮುಕ್ತನಿಧಿಯಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಡಾವಣೆಗಳಿಗೆ, ಬಡವರಿಗೆ, ಅಂಗವಿಕಲರಿಗೆ ಮೀಸಲಿಡಬೇಕಾದ ಅಂಶಗಳಿವೆ, ಇರಲೂಬೇಕು.

ಕೇಂದ್ರ ಹಣಕಾಸು ಆಯೋಗದ ಅನುದಾನದ ಕಥೆ ಗಮನಾರ್ಹ. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಗೆ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದ ಶೇ. 40ರಲ್ಲಿ ರಸ್ತೆಯು ಬೀದಿದೀಪ, ಉದ್ಯಾನ, ಚರಂಡಿಗಳೊಂದಿಗೆ ಪೈಪೋಟಿ ಮಾಡಬೇಕಾಯಿತು. ಅನುದಾನ ಪಡೆಯಲು ಎರಡು ಷರತ್ತುಗಳನ್ನೂ ಆಯೋಗ ವಿಧಿಸಿತು: ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು, ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಪಡಿಸಿ, ರಾಜ್ಯದ ಆಂತರಿಕ ಉತ್ಪನ್ನದ ಬೆಳವಣಿಗೆಗೆ ಅನುಗುಣವಾಗಿ ವಸೂಲಾತಿಯನ್ನು ಹೆಚ್ಚಿಸಬೇಕು. ಆಸ್ತಿ ತೆರಿಗೆ ಬಾಕಿ ಉಳಿದರೆ ಆ ಬಾಕಿಯಷ್ಟೇ ನಷ್ಟವಲ್ಲ, ದೆಹಲಿಯಿಂದ ಬರಬೇಕಾದ ಹಣಕ್ಕೂ ಕುತ್ತು ಎಂದಾಯಿತು. ಇಲ್ಲಿ ಒಂದು ಅಪ್ರಿಯ ಮಾತನ್ನು ಹೇಳದೆ ವಿಧಿಯಿಲ್ಲ. ತೆರಿಗೆ ಮತ್ತು ಮಳಿಗೆ ಬಾಡಿಗೆಯ ಬಾಕಿದಾರರ ಪಟ್ಟಿಯನ್ನು ತೆರೆದರೆ ಅದರಲ್ಲಿ ವರ್ತಕರ ಹೆಸರುಗಳೇನೂ ಕಡಿಮೆ ಇರುವುದಿಲ್ಲ. ಏಪ್ರಿಲ್ ತಿಂಗಳಲ್ಲೇ ಪಾವತಿಸಿದವರಿಗೆ ಶೇ. 5ರ ರಿಯಾಯಿತಿ ಇದ್ದರೂ ಈ ಸ್ಥಿತಿ.

ದೊಡ್ಡ ಮೊತ್ತದ ಕಾಮಗಾರಿಗೆ ಸಣ್ಣ ನಗರಗಳು ವಿಶೇಷ ಯೋಜನೆಗಳನ್ನೇ ಕಾಯುತ್ತವೆ. ಮುಖ್ಯಮಂತ್ರಿಗಳ ನಗರೋತ್ಥಾನ ಯೋಜನೆಯ ಹಂತಗಳು ಇಂಥವು. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 2015ರ ಜೂನ್‌ನಲ್ಲಿ ಆರಂಭವಾಯಿತು. ಬೆಳಗಾವಿ ಮತ್ತು ದಾವಣಗೆರೆ 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಆಯ್ಕೆಯಾದವು. ಅದೇ ವರ್ಷ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಸೇರಿದವು. 2025ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಅದರಡಿ ನಿರ್ಮಾಣವಾದ ರಸ್ತೆ, ಪಾದಚಾರಿ ಮಾರ್ಗ, ದೀಪಗಳ ನಿರ್ವಹಣೆಯ ಹೊರೆ ಮಾತ್ರ ಮುಗಿಯಲಿಲ್ಲ. ಕಟ್ಟಲು ಹಣ ಕೊಡುವವರು ಬಹಳ ಮಂದಿ, ಕಾಪಾಡಲು ಹಣ ಕೊಡುವವರು ಯಾರೂ ಇಲ್ಲ. ನಿರ್ವಹಣೆಯ ಹಣ ನಗರಸಭೆಯ ಸ್ವಂತ ಆದಾಯದಿಂದಲೇ ಹುಟ್ಟಬೇಕು.

ಮಂಜೂರಾದ ಮೊತ್ತವೆಲ್ಲವೂ ರಸ್ತೆಗೆ ಬೀಳುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಸ್ಥಳೀಯ ಸಂಸ್ಥೆಗಳ ರಸ್ತೆ ಕಾಮಗಾರಿ ಗುತ್ತಿಗೆಯ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರ ಬದಲಿಗೆ ಶೇ. 18 ಆಯಿತು. ತೆರಿಗೆಯೂ ಸೇರಿ 1 ಕೋಟಿ ರೂಪಾಯಿ ಮಂಜೂರಾಗಿದ್ದರೆ ಕೆಲಸದ ಬೆಲೆ ಸುಮಾರು 84.75 ಲಕ್ಷ ಮಾತ್ರ. ಹಳೆಯ ದರದಲ್ಲಿ ಅದು ಸುಮಾರು 89.29 ಲಕ್ಷವಾಗುತ್ತಿತ್ತು. ನಮ್ಮಂತೆ ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯುವ ಅವಕಾಶ ನಗರಸಭೆಗೆ ಇಲ್ಲಿ ಇಲ್ಲ. ಹೀಗಾಗಿ ಒಂದು ಕೋಟಿಗೆ ನಾಲ್ಕೂವರೆ ಲಕ್ಷದಷ್ಟು ರಸ್ತೆ ಕಡಿಮೆಯಾಯಿತು.

ಸಾಲ ಮತ್ತು ಸುಂಕ

ಅನುದಾನಕ್ಕೆ ಕಾಯದೆ ಸಾಲ ತರಬಾರದೇಕೆ ಎಂದು ಕೇಳುವವರಿದ್ದಾರೆ. ದಾರಿ ಇದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್‌ಗಳನ್ನು ಹೊರಡಿಸಿತು. ಮರುವರ್ಷ ಅಹಮದಾಬಾದ್ ಪಾಲಿಕೆ ಸರ್ಕಾರದ ಖಾತರಿಯಿಲ್ಲದೆಯೇ 100 ಕೋಟಿ ಎತ್ತಿತು. ಆದರೆ ಸಣ್ಣ ನಗರಗಳಿಗೆ ಒಬ್ಬಂಟಿಯಾಗಿ ಮಾರುಕಟ್ಟೆಗೆ ಹೋಗುವ ಶಕ್ತಿಯಿಲ್ಲ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಸ್ಥಳೀಯ ಸಂಸ್ಥೆಗಳಿಗಾಗಿ ಒಂದೇ ನಿಧಿಯ ಮೂಲಕ 100 ಕೋಟಿ ಎತ್ತಿದ್ದು ನೀರು ಪೂರೈಕೆಗೆ. ನೀರಿಗೆ ಮಾಸಿಕ ಬಿಲ್ಲು ಬರುತ್ತದೆ, ರಸ್ತೆಗೆ ಬಿಲ್ಲು ಕಳುಹಿಸಲಾಗದು. ಸಾಲ ಕೊಡುವವರು ಮೊದಲು ನೋಡುವುದು ಇದನ್ನೇ.

ರಸ್ತೆಗೂ ಬಿಲ್ಲು ಕಳುಹಿಸಲು ಪ್ರಯತ್ನಿಸಿದ ಊರು ಕೊಲ್ಹಾಪುರ. 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷದಷ್ಟು ಜನರಿದ್ದ ಈ ನಗರ ನಿಪ್ಪಾಣಿ, ಚಿಕ್ಕೋಡಿ ಭಾಗದ ನಮ್ಮ ವರ್ತಕರಿಗೆ ಬೆಲ್ಲದ ಪೇಟೆಯಾಗಿ ಚಿರಪರಿಚಿತ. ನಗರದೊಳಗಿನ ಸುಮಾರು 50 ಕಿ.ಮೀ. ರಸ್ತೆಗಳನ್ನು ಸುಮಾರು 220 ಕೋಟಿ ರೂಪಾಯಿ ವೆಚ್ಚದಲ್ಲಿ ಪುನರ್ನಿರ್ಮಿಸುವ ಯೋಜನೆ ಅಲ್ಲಿ ರೂಪುಗೊಂಡಿತು. ಪಾಲಿಕೆಯ ಬಳಿ ಅಷ್ಟು ಹಣವಿರಲಿಲ್ಲ. ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ ಮೂಲಕ ಖಾಸಗಿ ಕಂಪನಿಯೊಂದಕ್ಕೆ, ತಾನೇ ಹಣ ಹಾಕಿ ಕಟ್ಟಿ 30 ವರ್ಷ ಟೋಲ್ ವಸೂಲು ಮಾಡಿಕೊಳ್ಳುವ ಕರಾರಿನ ಮೇಲೆ ಕೆಲಸ ವಹಿಸಲಾಯಿತು. ಕಾಗದದ ಮೇಲೆ ಇದಕ್ಕಿಂತ ಜಾಣ ಉಪಾಯವಿರಲಿಲ್ಲ. ಪಾಲಿಕೆಗೆ ಖರ್ಚಿಲ್ಲದೆ ಊರಿಗೆ ರಸ್ತೆ.

2013ರ ಅಕ್ಟೋಬರ್‌ನಲ್ಲಿ ವಸೂಲಾತಿ ಆರಂಭವಾಯಿತು. ಊರಿನೊಳಗೆ ಬರಲು, ಊರಿನವರೇ ಹಣ ಕೊಡಬೇಕೆಂಬುದನ್ನು ಜನ ಒಪ್ಪಲಿಲ್ಲ. ಕೆಲಸ ಅಪೂರ್ಣವಾಗಿದೆ ಎಂಬ ಆಕ್ಷೇಪವೂ ಸೇರಿಕೊಂಡಿತು. ಎನ್.ಡಿ. ಪಾಟೀಲ, ಗೋವಿಂದ ಪಾನಸರೆ ಮೊದಲಾದ ಹಿರಿಯರು ಚಳವಳಿಯ ಮುಂಚೂಣಿಯಲ್ಲಿದ್ದರು. 2014ರ ಜನವರಿಯಲ್ಲಿ ಟೋಲ್ ನಾಕೆಗಳಿಗೆ ಬೆಂಕಿ ಬಿದ್ದಿತು. ವಿಷಯ ನ್ಯಾಯಾಲಯಗಳನ್ನೂ ಏರಿತು. 2015ರ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ಟೋಲ್ ರದ್ದುಪಡಿಸಿ, ಕಂಪನಿಗೆ ಸಲ್ಲಬೇಕಾದ ಪರಿಹಾರದ ಹೊಣೆಯನ್ನು ಹೊತ್ತುಕೊಂಡಿತು. ಅಂತಿಮವಾಗಿ ಹಣ ಬಂದದ್ದು ಸಾರ್ವಜನಿಕ ಬೊಕ್ಕಸದಿಂದಲೇ.

ಈ ಪ್ರಕರಣವನ್ನು ಖಾಸಗಿ ಬಂಡವಾಳದ ಸೋಲು ಎಂದು ಕೆಲವರು, ಜನರ ಅಸಹಕಾರ ಎಂದು ಇನ್ನು ಕೆಲವರು ವಿಶ್ಲೇಷಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಇನ್ನೂ ಹಿಂದೆ ಇದೆ. ಹಣ ಕೊಡಬೇಕಾದವರು ಯಾರು ಎಂಬುದು ಕರಾರು ಬರೆಯುವಾಗಲೇ ನಿರ್ಧಾರವಾಗಿತ್ತು. ಆ ಜನರೊಡನೆ ಚರ್ಚೆ ನಡೆದದ್ದು ನಾಕೆ ಎದ್ದ ಮೇಲೆ. ಬದಲಿ ರಸ್ತೆಯಿರುವ ಹೆದ್ದಾರಿಗೆ ಟೋಲ್ ಹೊಂದಬಹುದು. ಹಾಲು ತರಲು, ಮಕ್ಕಳನ್ನು ಶಾಲೆಗೆ ಬಿಡಲು, ಅಡತಿಗೆ ಮಾಲು ಸಾಗಿಸಲು ಇರುವ ಒಂದೇ ರಸ್ತೆಗೆ ಅದು ಹೊಂದದು.

ಅಂದಾಜು ಪಟ್ಟಿಯನ್ನು ಓದುವ ಬಗೆ

ನಮ್ಮಲ್ಲಿ ಕಾಮಗಾರಿಯ ಕ್ರಮ ಹೀಗಿದೆ. ವಾರ್ಡುಗಳಿಂದ ಬಂದ ಬೇಡಿಕೆಗಳು ಕ್ರಿಯಾ ಯೋಜನೆಯಾಗಿ ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ಒಪ್ಪಿಗೆಯಾದ ರಸ್ತೆಗೆ ಅಭಿಯಂತರರು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಆಧಾರದ ಮೇಲೆ ಅಂದಾಜು ಪಟ್ಟಿ ಸಿದ್ಧಪಡಿಸುತ್ತಾರೆ. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ ದೊರೆತ ಬಳಿಕ, 1999ರ ಪಾರದರ್ಶಕತೆ ಕಾಯ್ದೆಗೆ ಅನುಸಾರವಾಗಿ ಟೆಂಡರು ಕರೆಯಲಾಗುತ್ತದೆ. ನಂತರ ಕರಾರು, ಕಾರ್ಯಾದೇಶ. ನಡೆದ ಕೆಲಸವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿ ಬಿಲ್ಲು ಪಾವತಿ ಮಾಡುತ್ತಾರೆ. ಇವುಗಳಲ್ಲಿ ವರ್ತಕರ ಮಾತಿಗೆ ಅತ್ಯಂತ ಬೆಲೆಯಿರುವ ಘಟ್ಟ ಕ್ರಿಯಾ ಯೋಜನೆ ಮತ್ತು ಅಂದಾಜು ಪಟ್ಟಿಯ ನಡುವಿನದು. ನಾವು ಹಾಜರಿರದ ಘಟ್ಟವೂ ಅದೇ.

ಅಂದಾಜು ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ರಸ್ತೆಯ ಮಟ್ಟ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕಿದರೆ ಖರ್ಚು ಕಡಿಮೆ. ಆದರೆ ರಸ್ತೆ ಎತ್ತರವಾಗುತ್ತದೆ, ಅಂಗಡಿ ತಗ್ಗಾಗುತ್ತದೆ. ಈ ಲೇಖಕನ ಅಂಗಡಿಗೆ ತಂದೆಯವರ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಉಳಿದಿರುವುದು ಒಂದು. ಮುಂದಿನ ಪದರ ಬಿದ್ದ ಮೇಲೆ ಮಳೆಗಾಲದಲ್ಲಿ ಗ್ರಾಹಕರಿಗಿಂತ ಮೊದಲು ನೀರು ಒಳಗೆ ಬರುತ್ತದೆ. 20 ಸೆಂ.ಮೀ. ಕಾಂಕ್ರೀಟನ್ನು ಹಳೆಯ ರಸ್ತೆಯ ಮೇಲೆ ಹಾಕುವ ಪ್ರಸ್ತಾವವಿದ್ದರೆ ಅಷ್ಟೇ ಎತ್ತರ ಏರುತ್ತದೆಂದು ತಿಳಿಯಬೇಕು. ಹಳೆಯ ಪದರ ತೆಗೆಯುವ ಬಾಬ್ತು ಅಂದಾಜಿನಲ್ಲಿ ಇದೆಯೇ, ಚರಂಡಿಯ ಮಟ್ಟ ಹೊಸ ರಸ್ತೆಯ ಮಟ್ಟಕ್ಕಿಂತ ಕೆಳಗಿದೆಯೇ ಎಂದು ಕೇಳುವುದು ಸಾಮಾನ್ಯ ವರ್ತಕನಿಗೂ ಸಾಧ್ಯವಿರುವ ಪ್ರಶ್ನೆ.

ಎರಡನೆಯದು ನೆಲದ ಗುಣ. ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಭಾಗದ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ ಹರಡಿದರೆ ಮೇಲಿನ ಡಾಂಬರು ಎಷ್ಟೇ ಉತ್ತಮವಾಗಿದ್ದರೂ ಅಲೆಯಂತೆ ಏಳುತ್ತದೆ. ಮಣ್ಣಿನ ಭಾರ ಹೊರುವ ಶಕ್ತಿಯನ್ನು ಅಳೆಯುವ ಸಿಬಿಆರ್ ಪರೀಕ್ಷೆ ಮತ್ತು ವಾಹನಗಳ ಎಣಿಕೆ ಇವೆರಡೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ 37ನೆಯ ಮಾರ್ಗಸೂಚಿಯ ವಿನ್ಯಾಸಕ್ಕೆ ತಳಹದಿ. ಅಡತಿ ಬೀದಿಗೆ ನಿತ್ಯ ಬರುವ ಲಾರಿಗಳ ಸಂಖ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಲೆಕ್ಕವನ್ನು ನಾವೇ ಕೊಟ್ಟರೆ ರಸ್ತೆಯ ದಪ್ಪ ಸರಿಯಾಗಿ ಗೊತ್ತಾಗುತ್ತದೆ.

ದಪ್ಪದ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 7 ಮೀಟರ್ ಅಗಲದ 1 ಕಿ.ಮೀ. ರಸ್ತೆಗೆ 40 ಮಿ.ಮೀ. ಡಾಂಬರು ಪದರವೆಂದರೆ 280 ಘನ ಮೀಟರ್. ಘನ ಮೀಟರಿಗೆ 2.3 ಟನ್‌ನಂತೆ ಸುಮಾರು 644 ಟನ್ ಮಿಶ್ರಣ. ಪದರ 30 ಮಿ.ಮೀ.ಗೆ ಇಳಿದರೆ 161 ಟನ್ ಕಡಿಮೆ, ಅಂದರೆ 10 ಟನ್ನಿನ 16 ಟಿಪ್ಪರುಗಳು ಬರಲೇ ಇಲ್ಲ ಎಂದರ್ಥ. ಮಿಶ್ರಣದಲ್ಲಿ ಡಾಂಬರು ಶೇ. 5ರ ಆಸುಪಾಸು ಇರುವುದರಿಂದ 8 ಟನ್ ಡಾಂಬರೇ ಉಳಿಯಿತು. ಒಂದು ಸೆಂಟಿಮೀಟರನ್ನು ಕಣ್ಣು ಗುರುತಿಸದು, ಟಿಪ್ಪರುಗಳನ್ನು ಎಣಿಸಬಹುದು. ಅಂಗಡಿಯ ಗಲ್ಲೆಯ ಮೇಲೆ ಕುಳಿತೇ ಮಾಡಬಹುದಾದ ಕೆಲಸವಿದು!

ರಸ್ತೆಯ ಕೆಳಗಿನದು

ರಸ್ತೆಯನ್ನು ಬೇಗ ಕೆಡಿಸುವುದು ಲಾರಿಗಿಂತ ಹೆಚ್ಚಾಗಿ ಗುದ್ದಲಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ದೂರವಾಣಿ ತಂತಿ, ಈಗ ಅಡುಗೆ ಅನಿಲದ ಕೊಳವೆ, ಇವೆಲ್ಲವೂ ಬೇರೆ ಬೇರೆ ಸಂಸ್ಥೆಗಳವು, ಬೇರೆ ಬೇರೆ ಅನುದಾನದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ಉತ್ತರ ಕರ್ನಾಟಕದ ನಗರಗಳಿಗೆ ಒಳಚರಂಡಿ, ನೀರಿನ ಕಾಮಗಾರಿಗಳು ಬಂದವು. 2015ರಿಂದ ಅಮೃತ್, 2021ರಿಂದ ಅದರ ಎರಡನೆಯ ಹಂತ. ಪ್ರತಿಯೊಂದೂ ಅಗತ್ಯವೇ. ಆದರೆ ರಸ್ತೆಯ ಹಣ ಈ ವರ್ಷ, ಕೊಳವೆಯ ಹಣ ಮುಂದಿನ ವರ್ಷ ಬಂದರೆ ಹೊಸ ರಸ್ತೆಯನ್ನು ಅಗೆಯದೆ ಗತ್ಯಂತರವಿಲ್ಲ. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಮೊದಲು ನೆಲದಡಿಯ ನಾಳಗಳನ್ನು ಹಾಕಿ ನಂತರ ರಸ್ತೆ ಮಾಡಿದ್ದು ಇದಕ್ಕಾಗಿಯೇ. ಅಷ್ಟು ವೆಚ್ಚ ಸಣ್ಣ ನಗರಕ್ಕೆ ಆಗದು. ಆದರೆ ಪ್ರತಿ ನೂರು ಅಡಿಗೊಂದು ಖಾಲಿ ಅಡ್ಡ ಪೈಪು ಹುಗಿದಿಟ್ಟರೂ ಕಾಂಕ್ರೀಟು ಒಡೆಯುವುದು ತಪ್ಪುತ್ತದೆ.

ಇದಕ್ಕೂ ಗುತ್ತಿಗೆದಾರನ ಹೊಣೆಗೂ ಸಂಬಂಧವಿದೆ. ಕರಾರಿನಲ್ಲಿ ನಮೂದಿಸಿದ ದೋಷ ಹೊಣೆ ಅವಧಿಯಲ್ಲಿ ರಸ್ತೆ ಕೆಟ್ಟರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು. ಆ ಅವಧಿಯೊಳಗೆ ಬೇರೊಂದು ಸಂಸ್ಥೆ ರಸ್ತೆಯನ್ನು ಕತ್ತರಿಸಿತೆಂದರೆ, ಹೊಂಡ ಬಿದ್ದದ್ದು ತನ್ನ ತಪ್ಪಿನಿಂದಲ್ಲ ಎನ್ನಲು ಅವನಿಗೆ ಕಾರಣ ಸಿಕ್ಕಿತು. ರಸ್ತೆ ಕತ್ತರಿಸುವವರು ಕಟ್ಟುವ ಶುಲ್ಕವು ಸಾಮಾನ್ಯ ನಿಧಿಗೆ ಸೇರಿ ವೇತನ, ವಿದ್ಯುತ್ತಿಗೆ ಕರಗದಂತೆ ಪ್ರತ್ಯೇಕ ಖಾತೆಯಲ್ಲಿ ಇರಬೇಕೆಂದು ನಮ್ಮ ಸಂಸ್ಥೆ ಒತ್ತಾಯಿಸಬೇಕು.

ಅಗಲೀಕರಣದ ಬಗ್ಗೆ ಎರಡು ಮಾತು. ಜಾಗ ಕಳೆದುಕೊಳ್ಳುವವರಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಪ್ರಕರಣದಡಿ ಹಣದ ಬದಲು ಅಭಿವೃದ್ಧಿ ಹಕ್ಕು ಕೊಡಲು ಅವಕಾಶವಿದೆ. ಮಹಾನಗರದಲ್ಲಿ ಅದನ್ನು ಮಾರಬಹುದು. ಎರಡಂತಸ್ತಿಗಿಂತ ಹೆಚ್ಚು ಕಟ್ಟುವವರೇ ಅಪರೂಪವಾದ ಊರಿನಲ್ಲಿ ಆ ಪತ್ರಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಒಪ್ಪಿಗೆಗೆ ಸಹಿ ಹಾಕುವ ಮುನ್ನ ಇದನ್ನು ಯೋಚಿಸಬೇಕು.

ಕಾಲದ ಲೆಕ್ಕ

ಏಪ್ರಿಲ್‌ನಲ್ಲಿ ಆರ್ಥಿಕ ವರ್ಷ ಆರಂಭವಾದರೂ ಕ್ರಿಯಾ ಯೋಜನೆ ಅನುಮೋದನೆಯಾಗುವಷ್ಟರಲ್ಲಿ ಮಳೆಗಾಲ, ಟೆಂಡರು ಮುಗಿಯುವಷ್ಟರಲ್ಲಿ ದೀಪಾವಳಿ. ಮಳೆಯಲ್ಲಿ ಡಾಂಬರು ಹಾಕುವಂತಿಲ್ಲ. ಕೊನೆಗೆ ಹಣ ವಾಪಸು ಹೋದೀತೆಂಬ ಭಯದಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಊರೆಲ್ಲ ಒಟ್ಟಿಗೆ ಅಗೆಯಲಾಗುತ್ತದೆ. ನಮ್ಮ ಮದುವೆ ಹಂಗಾಮಿನ ವ್ಯಾಪಾರಕ್ಕೆ ಪೆಟ್ಟು ಬೀಳುವುದು ಇದರಿಂದಲೇ. ಕಾಂಕ್ರೀಟು ಪೂರ್ಣ ಬಲ ಪಡೆಯಲು 28 ದಿನ ಲೆಕ್ಕ ಹಿಡಿಯುತ್ತಾರೆ. ಅವಸರದಿಂದ ವಾಹನ ಬಿಡಿಸಿಕೊಂಡರೆ ನಷ್ಟ ನಮ್ಮದೇ. ಆದರೆ ಬೀದಿಯ ಅರ್ಧ ಅಗಲವನ್ನು ಮೊದಲು, ಉಳಿದರ್ಧವನ್ನು ನಂತರ ಮಾಡಬೇಕು, ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗಿನ ಕೆಲಸ ಮುಗಿಯದೆ ಮುಂದಕ್ಕೆ ಅಗೆಯಬಾರದು ಎಂಬ ಷರತ್ತುಗಳನ್ನು ಟೆಂಡರು ದಾಖಲೆಯಲ್ಲೇ ಸೇರಿಸಲು ಸಾಧ್ಯ. ಗುತ್ತಿಗೆದಾರ ಅದಕ್ಕೆ ತಕ್ಕ ದರವನ್ನು ನಮೂದಿಸುತ್ತಾನೆ. ಕೆಲಸ ಆರಂಭವಾದ ಮೇಲೆ ಕೇಳಿದರೆ ಅದು ಉಪಕಾರದ ಮಾತಾಗುತ್ತದೆ, ಕರಾರಿನ ಮಾತಾಗುವುದಿಲ್ಲ.

ಆಯವ್ಯಯ ಸಿದ್ಧವಾಗುವ ಮುನ್ನ ನಗರಸಭೆಗಳು ಪೂರ್ವಭಾವಿ ಸಮಾಲೋಚನಾ ಸಭೆಗೆ ಸಂಘ ಸಂಸ್ಥೆಗಳನ್ನು ಆಹ್ವಾನಿಸುತ್ತವೆ. ಅಂಥ ಸಭೆಗಳಲ್ಲಿ ವರ್ತಕರ ಕುರ್ಚಿಗಳು ಬಹುಪಾಲು ಖಾಲಿ. ಮುಂದಿನ ಸಭೆಗೆ ನಮ್ಮ ಸಂಸ್ಥೆಯಿಂದ ಹೋಗುವ ಪ್ರತಿನಿಧಿಗಳ ಕೈಯಲ್ಲಿ ಪ್ರತಿ ಬೀದಿಯ ಮೂರು ವಿವರಗಳಿರಬೇಕು: ನಿತ್ಯ ಬರುವ ಭಾರಿ ವಾಹನಗಳ ಸಂಖ್ಯೆ, ರಸ್ತೆಯ ಮಟ್ಟಕ್ಕಿಂತ ಅಂಗಡಿಗಳ ತಳಮಟ್ಟ ಎಷ್ಟು ಅಂಗುಲ ಎತ್ತರ ಅಥವಾ ತಗ್ಗು, ಮಳೆನೀರು ನಿಲ್ಲುವ ಸ್ಥಳ. ಬೀದಿವಾರು ಈ ವಿವರಗಳನ್ನು ಲಿಖಿತವಾಗಿ, ಸಾಧ್ಯವಾದರೆ ಆ ಸಾಲಿನ ಆಸ್ತಿ ತೆರಿಗೆ ರಸೀದಿಗಳ ಪ್ರತಿಗಳೊಂದಿಗೆ, ಡಿಸೆಂಬರ್ ಮೊದಲ ವಾರದೊಳಗೆ ಸಂಸ್ಥೆಯ ಕಾರ್ಯಾಲಯಕ್ಕೆ ತಲುಪಿಸಿದರೆ ಒಂದೇ ಟಿಪ್ಪಣಿಯಾಗಿ ಅದನ್ನು ನಗರಸಭೆಗೆ ಸಲ್ಲಿಸಬಹುದು.